ಅತ್ತೆಯವರ ಸೆಕೆಗಾಲ

ರಾಮದುರ್ಗದಿಂದ ಯರಗಟ್ಟಿಗೆ ನಾನು ಸೊಸೆಯಾಗಿ ಬಂದಾಗ ಅತ್ತೆಯವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಬೆಳಗಾವಿ ರಸ್ತೆಗೆ ನಮ್ಮದೊಂದು ಭಾಂಡೆ ಅಂಗಡಿ. ಸ್ಟೀಲಿನ ಕೊಡ, ಹಿತ್ತಾಳೆಯ ತಂಬಿಗೆ, ಮದುವೆಗೆ ಬೇಕಾಗುವ ಹಂಡೆ, ಹಿಟ್ಟು ನಾದುವ ಪರಾತ ಎಲ್ಲ ಅಲ್ಲಿ ಸಿಗುತ್ತಿದ್ದವು. ಮಾವನವರು ಮತ್ತು ನನ್ನ ಗಂಡ ಅಂಗಡಿ ನೋಡಿಕೊಳ್ಳುತ್ತಿದ್ದರು. ಹಿಂದಿನ ಓಣಿಯಲ್ಲಿ ಮನೆ. ಮನೆಯಲ್ಲಿ ನಾವು ನಾಲ್ಕೇ ಮಂದಿ.

ನನ್ನನ್ನು ನೋಡಲು ಬಂದವರೆಲ್ಲ ಎಷ್ಟು ಓದಿದ್ದಿ, ರೊಟ್ಟಿ ಬಡಿಯಲು ಬರುತ್ತದೆಯೇ, ಕಸೂತಿ ಬರುತ್ತದೆಯೇ ಎಂದು ಕೇಳಿದ್ದರು. ಅತ್ತೆಯವರು ಮಾತ್ರ, "ನಿನಗ ಏನು ಉಣ್ಣಾಕ ಸೇರತೈತಿ?" ಎಂದು ಕೇಳಿದರು. ನಾನು ಗಾಬರಿಯಾಗಿ "ಎಣ್ಣಿಗಾಯಿ" ಎಂದೆ. ಮದುವೆಯಾಗಿ ಮನೆಗೆ ಬಂದ ಮರುದಿನ ತಾಟಿನಲ್ಲಿ ಎಣ್ಣೆಗಾಯಿ ಇತ್ತು. ಮೊದಲ ವರ್ಷವೆಲ್ಲ ಹೀಗೆಯೇ ಹೋಯಿತು. ಅವರು ಧ್ವನಿ ಏರಿಸಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಓಣಿಯಲ್ಲಿ ಯಾರದಾದರೂ ಜಗಳವಾದರೆ ಇವರನ್ನು ಕರೆಯುತ್ತಿದ್ದರು. ಇವರು ಹೋಗಿ ಸುಮ್ಮನೆ ಕುಳಿತರೂ ಸಾಕು, ಜಗಳ ತಣ್ಣಗಾಗುತ್ತಿತ್ತು.

ಎರಡನೆಯ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವರು ಬೇರೆಯಾಗತೊಡಗಿದರು. ಚಳಿ ಇನ್ನೂ ಹೋಗಿರಲಿಲ್ಲ. ನಾನು ಸ್ವೆಟರ್ ಹಾಕಿಕೊಂಡು ರೊಟ್ಟಿ ಬೇಯಿಸುತ್ತಿದ್ದರೆ ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆಯವರ ಮುಖ ಇದ್ದಕ್ಕಿದ್ದಂತೆ ಕೆಂಪಾಗುತ್ತಿತ್ತು. ಕುತ್ತಿಗೆ, ಬೆನ್ನು ಬೆವರಿನಿಂದ ತೊಯ್ದು ಹೋಗುತ್ತಿತ್ತು. ಅರ್ಧ ಬಡಿದ ರೊಟ್ಟಿಯನ್ನು ಹಾಗೆಯೇ ಬಿಟ್ಟು ಹಿತ್ತಲ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. "ಏನಾತ್ರಿ ಅತ್ತಿ?" ಎಂದರೆ "ಏನಿಲ್ಲ, ನಿನ್ನ ಕೆಲಸ ನೀ ನೋಡು" ಎನ್ನುತ್ತಿದ್ದರು. ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದರು. ಸಣ್ಣ ಮಾತಿಗೆ ಕಣ್ಣಲ್ಲಿ ನೀರು. ಅದಕ್ಕಿಂತ ಸಣ್ಣ ಮಾತಿಗೆ ಸಿಟ್ಟು.

ನಾಗರ ಪಂಚಮಿಗೆ ಇನ್ನೇನು ಕೆಲವು ದಿನವಿದ್ದಾಗ ಒಂದು ಮುಂಜಾನೆ ನಾನು ನಾದಿದ ಹಿಟ್ಟಿಗೆ ನೀರು ಹೆಚ್ಚಾಗಿತ್ತು. ಅವರು ಹಿಟ್ಟು ಮುಟ್ಟಿ ನೋಡಿದವರೇ ಪರಾತವನ್ನು ಜೋರಾಗಿ ತಳ್ಳಿದರು. ಅದು ನೆಲದ ಮೇಲೆ ಜಾರಿ ಗೋಡೆಗೆ ಬಡಿಯಿತು. "ಎರಡು ವರ್ಷ ಆತು, ಹಿಟ್ಟ ನಾದಾಕ ಬರೂದಿಲ್ಲ. ನಿಮ್ಮವ್ವ ನಿನಗ ಕಲಿಸಿದ್ದರ ಏನು?" ಎಂದರು. ಆ ಧ್ವನಿ ಅವರದೆಂದು ನನಗೆ ನಂಬಲಾಗಲಿಲ್ಲ. ಅವರಿಗೂ ನಂಬಲಾಗಲಿಲ್ಲವೇನೋ, ಪರಾತದ ಕಡೆಗೇ ನೋಡುತ್ತ ನಿಂತುಬಿಟ್ಟರು. ನಾನು ಕೋಣೆಗೆ ಹೋಗಿ ಅವ್ವನಿಗೆ ಫೋನ್ ಮಾಡಿ ಅತ್ತುಬಿಟ್ಟೆ.

"ಒಂದ ವರ್ಷ ಚಂದ ಇಟಗೊಂಡ್ಲು, ಈಗ ಖರೇ ಬಣ್ಣ ತೋರಿಸಾಕತ್ತಾಳ," ಎಂದಳು ಅವ್ವ. "ಪಂಚಮಿಗೆ ಬಾ. ಬಂದು ನಾಲ್ಕು ದಿನ ಆರಾಮ ಇದ್ದು ಹೋಗು."

ಸೀರೆಗಳನ್ನು ಚೀಲಕ್ಕೆ ತುಂಬುವಾಗ ನಾಲ್ಕು ದಿನಕ್ಕೆ ಬೇಕಾಗುವುದಕ್ಕಿಂತ ಹೆಚ್ಚೇ ತುಂಬಿದೆ.

ಮರುದಿನ ನನ್ನ ಗಂಡ ಸಾಮಾನು ತರಲು ಬೆಳಗಾವಿಗೆ ಹೋಗಿದ್ದರಿಂದ ಮಾವನವರ ಊಟದ ಡಬ್ಬಿಯನ್ನು ಅಂಗಡಿಗೆ ನಾನೇ ಒಯ್ದೆ. ಸಂತೆಯ ದಿನವಲ್ಲ, ಗಿರಾಕಿ ಇರಲಿಲ್ಲ. ಮಾವನವರು ಮಾತು ಕಡಿಮೆ ಇರುವ ಮನುಷ್ಯ. ಗಿರಾಕಿ ಬಂದರೂ ಹೊಗಳುವ ಮಾತಿಲ್ಲ. ಕೊಡವನ್ನು ಬೆರಳಿನಿಂದ ಒಮ್ಮೆ ಬಾರಿಸಿ ಸದ್ದು ಕೇಳಿಸಿ ಸುಮ್ಮನಾಗುತ್ತಿದ್ದರು. ನನ್ನ ಜೊತೆ ಅವರ ಮಾತು "ಚಾ ಆತೇನ ಯವ್ವಾ?" ಎನ್ನುವುದರಾಚೆ ಹೋದದ್ದೇ ಕಡಿಮೆ. ಅಂದು ಮಾತ್ರ ಸ್ಟೂಲ್ ಎಳೆದು ಕೊಟ್ಟು, "ಕುಂಡ್ರು" ಎಂದರು. ತಾವು ಒಂದು ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅರಿವೆಯಿಂದ ಒರೆಸತೊಡಗಿದರು. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

"ನಾ ಈಗ ಹೇಳೂ ಮಾತು ಮಾವ ಆದಾಂವ ಸೊಸಿ ಮುಂದ ಹೇಳೂ ಮಾತಲ್ಲ," ಎಂದರು. "ನಿನಗ ನಾಚಿಕಿ ಬಂದ್ರ ಎದ್ದು ಹೋಗು. ನಾ ಏನೂ ತಿಳಕೊಳ್ಳೂದಿಲ್ಲ."

ನಾನು ಏಳಲಿಲ್ಲ.

"ನಿಮ್ಮತ್ತಿ ಸಿಟ್ಟು ನಿನ್ನ ಮ್ಯಾಲಲ್ಲ. ಆಕಿಗೆ ಮುಟ್ಟು ನಿಲ್ಲೂ ಕಾಲ ಬಂದೈತಿ. ಒಮ್ಮೆ ಎರಡೆರಡು ತಿಂಗಳು ಇಲ್ಲ, ಬಂದ್ರ ಮೈಯಾಗಿನ ರಕ್ತ ಎಲ್ಲಾ ಹೋಗೂವಂಗ ಬರತೈತಿ. ನಿದ್ದಿ ಇಲ್ಲ. ಮೈ ಉರೀತೈತಿ. ಮಾತು ಮರೀತಾವ. ಆಕಿಗೆ ತನ್ನ ಮ್ಯಾಲ ತನಗ ಸಿಟ್ಟು. ಅದು ಹೊರಗ ಬಂದಾಗ ಯಾರು ಎದುರಿಗಿರತಾರೋ ಅವರ ಮ್ಯಾಲ ಬೀಳತೈತಿ. ಅಡಗಿಮನ್ಯಾಗ ಎದುರಿಗಿರಾಕಿ ನೀನು."

ನನ್ನ ತವರಿನಲ್ಲಿ ಗಂಡಸರ ಮುಂದೆ ಈ ವಿಷಯದ ಒಂದು ಅಕ್ಷರವೂ ಬರುತ್ತಿರಲಿಲ್ಲ. ನನ್ನ ಗಂಡನ ಜೊತೆಗೂ ನಾನು "ಹೊರಗ ಆಗೇನಿ" ಎನ್ನುವುದರ ಹೊರತು ಬೇರೆ ಮಾತಾಡಿದ್ದಿಲ್ಲ. ತಲೆ ಎತ್ತದೆ, "ನಿಮಗ ಇದೆಲ್ಲಾ ಹೆಂಗ ಗೊತ್ತಾತ್ರಿ ಮಾವಾರ?" ಎಂದೆ.

"ಕೇಳಿ ಬಂದೆ," ಎಂದು ಮೊದಲ ಸಲ ನಕ್ಕರು.

ಅವರು ಬೈಲಹೊಂಗಲಕ್ಕೆ ಒಬ್ಬರೇ ಹೋಗಿ ಅಲ್ಲಿನ ಲೇಡಿ ಡಾಕ್ಟರ ದವಾಖಾನೆಯಲ್ಲಿ ಕುಳಿತಿದ್ದರಂತೆ. ಸುತ್ತಲೂ ಬಸುರಿಯರು, ಅವರ ತಾಯಂದಿರು. ಇವರೊಬ್ಬರೇ ಧೋತರ, ಟೊಪ್ಪಿಗೆಯ ಗಂಡಸು. ಚೀಟಿ ಬರೆಯುವ ಹುಡುಗಿ "ಪೇಶಂಟ್ ಎಲ್ಲಿ ಅದಾರ್ರಿ ಅಜ್ಜಾರ?" ಎಂದು ಕೇಳಿದಳಂತೆ. "ಮನ್ಯಾಗ ಅದಾಳವಾ. ಬರೂದಿಲ್ಲ ಅಂತಾಳ" ಎಂದರಂತೆ. ಒಳಗೆ ಕರೆದಾಗ, ಹೆಂಡತಿ ಇಲ್ಲದೆ ಹೆಂಡತಿಯ ಕಷ್ಟ ಹೇಳಿಕೊಳ್ಳಲು ಬಂದ ಗಂಡನನ್ನು ಕಂಡು ಡಾಕ್ಟರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರಂತೆ. ಇದು ರೋಗವಲ್ಲ, ಎಲ್ಲ ಹೆಂಗಸರಿಗೂ ಬರುವ ಕಾಲ. ಆದರೆ ರಕ್ತಸ್ರಾವ ಅಷ್ಟು ಹೆಚ್ಚಿದ್ದರೆ ಸುಮ್ಮನಿರಬಾರದು, ಹೇಗಾದರೂ ಕರೆದುಕೊಂಡು ಬನ್ನಿ ಎಂದರಂತೆ.

"ಆಕಿ ಒಲ್ಲೆ ಅಂತಾಳ. ಎಳಕೊಂಡು ಹೋಗಾಕ ಆಕಿ ಏನು ಎಮ್ಮಿ ಅಲ್ಲ. ನೋಡೂಣು," ಎಂದರು ಮಾವನವರು. ಆಮೇಲೆ ತಂಬಿಗೆಯನ್ನು ಕಪಾಟಿನಲ್ಲಿಟ್ಟು, "ಪಂಚಮಿಗೆ ಹೋಗಿ ಬಾ ಯವ್ವಾ. ಹೋಗಬ್ಯಾಡ ಅನ್ನೂದಿಲ್ಲ. ಆದ್ರ ಆಕಿ ಮ್ಯಾಲ ಸಿಟ್ಟು ಹೊತಗೊಂಡು ಹೋಗಬ್ಯಾಡ," ಎಂದರು.

ಮನೆಗೆ ಬಂದು ಚೀಲದಿಂದ ಅರ್ಧ ಸೀರೆ ತೆಗೆದಿಟ್ಟೆ.

ತವರಿನಿಂದ ವಾಪಸು ಬಂದವಳು ಅತ್ತೆಯವರನ್ನು ಗಾಜಿನ ಸಾಮಾನಿನಂತೆ ನೋಡಿಕೊಳ್ಳತೊಡಗಿದೆ. ಅವರ ಕೈಯಿಂದ ಕೊಡ ಕಸಿದುಕೊಳ್ಳುವುದು, ಒಲೆ ಹತ್ತಿರ ಹೋಗಲು ಬಿಡದಿರುವುದು. ಅವರಿಗೆ ಅದು ಸರಿಬರಲಿಲ್ಲ. ಒಂದು ದಿನ ಸೊಂಟದ ಮೇಲೆ ಕೈಯಿಟ್ಟು, "ನಾ ಏನು ಬಾಣಂತಿ ಏನು? ಏನಾಗೇತಿ ನಿನಗ?" ಎಂದು ಜಬರಿಸಿದರು. ನನ್ನ ಬಾಯಿಂದ "ಮಾವಾರು ಎಲ್ಲಾ ಹೇಳ್ಯಾರ್ರಿ" ಎಂದು ಬಂದುಬಿಟ್ಟಿತು.

ಅವರ ಮುಖ ಬಿಳಿಚಿಕೊಂಡಿತು. ಅಂದಿನಿಂದ ಮಾವನವರ ಜೊತೆ ಮಾತು ಬಂದ್. ತಾಟು ಬಡಿಸಿ ನನ್ನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಮಾವನವರು ಏನೂ ಆಗಿಲ್ಲವೆಂಬಂತೆ ಎರಡು ದಿನ ಉಂಡರು. ಮೂರನೆಯ ದಿನ ಕೈ ತೊಳೆದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನಿನ್ನ ಕೇಳದ ಹೇಳಿದ್ದು ತಪ್ಪಾತು," ಎಂದರು. "ಆದ್ರ ಮನ್ಯಾಗಿನ ಹುಡುಗಿ ನಿನ್ನ ಕೆಟ್ಟಾಕಿ ಅಂತ ತಿಳಕೊಳ್ಳೂದು ನನಗ ಸಹನ ಆಗಲಿಲ್ಲ."

ಅತ್ತೆಯವರು ತಿರುಗಿ ನೋಡಲಿಲ್ಲ. ಆದರೆ ಕೈಯಲ್ಲಿದ್ದ ಸೌಟು ನಿಂತಿತು. ಸಂಜೆ ಹಿತ್ತಲಲ್ಲಿ ನಾನೂ ಅತ್ತೆಯವರೂ ಮೆಂತ್ಯದ ಸೊಪ್ಪು ಸೋಸುತ್ತ ಕುಳಿತಾಗ ಅವರು ತಾವಾಗಿಯೇ ಮಾತು ತೆಗೆದರು. "ಏನೇನ ಹೇಳಿದ್ರು ನಿಮ್ಮ ಮಾವ?"

ದವಾಖಾನೆಯ ಕತೆ ಅವರಿಗೆ ಗೊತ್ತಿರಲಿಲ್ಲ. "ಅಜ್ಜಾರ" ಎಂದು ಕರೆಸಿಕೊಂಡದ್ದನ್ನು ಹೇಳಿದಾಗ ಸೊಪ್ಪು ಕೆಳಗಿಟ್ಟು ನಕ್ಕರು. ನಗುತ್ತ ನಗುತ್ತ ಅಳು ಬಂತು. "ಬಸುರಿ ಹೆಂಗಸರ ನಡುವ ಹೋಗಿ ಕುಂತಿದ್ರಾ? ನನ್ನ ಸಲುವಾಗಿ?" ಎಂದು ಎರಡು ಸಲ ಕೇಳಿದರು. ಆಮೇಲೆ, "ಒಳಗ ಯಾರೋ ಒಲಿ ಹಚ್ಚಿ ಬಿಟ್ಟು ಹೋದಂಗ ಆಗತೈತಿ ನೋಡು. ಯಾವಾಗ ಹಚ್ಚತಾರ, ಯಾವಾಗ ಆರಸತಾರ, ನನ್ನ ಕೈಯಾಗಿಲ್ಲ. ಅವತ್ತು ಪರಾತ ತಳ್ಳಿದಾಗ ನನಗ ನನ್ನ ಹೆದರಿಕಿ ಬಂತವಾ," ಎಂದರು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಅವರ ಅವ್ವನಿಗೂ ಹೀಗೆಯೇ ಆಗಿತ್ತಂತೆ. ಆಗ ಊರವರು ಆಕೆಗೆ ತಲೆ ಸರಿಯಿಲ್ಲ ಎಂದಿದ್ದರಂತೆ. ದವಾಖಾನೆಗೆ ಹೋದರೆ ತನಗೂ ಹಾಗೆಯೇ ಅಂದಾರೆಂಬುದು ಅವರ ಅಂಜಿಕೆಯಾಗಿತ್ತು.

ಅದೇ ವರ್ಷ ಕಿತ್ತೂರಿನಲ್ಲಿ ಬಳಗದವರ ಮನೆಯ ಮದುವೆ ಬಂತು. ಕಲ್ಯಾಣ ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತೆಯವರು ರೇಷ್ಮೆ ಇಳಕಲ್ ಸೀರೆ ಉಟ್ಟು ಹೆಂಗಸರ ಸಾಲಿನಲ್ಲಿ ಕುಳಿತಿದ್ದರು. ಅಕ್ಷತೆ ಹಾಕುವ ಹೊತ್ತಿಗೆ ಅವರ ಮುಖದಲ್ಲಿ ಬೆವರು ಮೂಡಿತು. ನಾನು ಕೈಹಿಡಿದು ಗೋಡೆಯ ಬದಿಯ ಕುರ್ಚಿಗೆ ಕರೆತಂದೆ. ಕುಂಕುಮ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಮಾವನವರ ಅಕ್ಕ ಅಲ್ಲಿಗೆ ಬಂದರು. ವಯಸ್ಸಾದವರು, ಮನೆತನದಲ್ಲಿ ಅವರ ಮಾತಿಗೆ ಎದುರಿಲ್ಲ.

"ಸವದತ್ತಿ ಗುಡ್ಡದ ಅವ್ವನ ಹರಕಿ ಏನರ ಮರತೀರೇನು?" ಎಂದು ನಾಲ್ಕು ಮಂದಿಗೆ ಕೇಳುವಂತೆ ಅಂದರು. "ಆಕೀದ ಕಾಟ ಇರಬೇಕಿದು. ಮನ್ಯಾಗ ಸಿಟ್ಟು, ಅಳು, ಬೆವರು... ಮೈಮ್ಯಾಗ ಬಂದಂಗ ಕಾಣತೈತಿ."

ಸುತ್ತ ಕುಳಿತ ಹೆಂಗಸರೆಲ್ಲ ಅತ್ತೆಯವರನ್ನೇ ನೋಡತೊಡಗಿದರು. ಅವರು ತಲೆ ತಗ್ಗಿಸಿದರು. ಅಷ್ಟರಲ್ಲಿ ಗಂಡಸರ ಕಡೆಯಿಂದ ಮಾವನವರು ಎದ್ದು ಬರುವುದು ಕಂಡಿತು. ಬಂದವರೇ ಇನ್ನೊಂದು ಕುರ್ಚಿ ಎಳೆದು ಹೆಂಡತಿಯ ಪಕ್ಕ ಕುಳಿತು, ಅಂಗಿಯ ಕಿಸೆಯಿಂದ ಲಗ್ನಪತ್ರಿಕೆ ತೆಗೆದು ಗಾಳಿ ಹಾಕತೊಡಗಿದರು.

ನಮ್ಮ ಕಡೆ ಐವತ್ತೈದು ದಾಟಿದ ಗಂಡಸು ಮದುವೆಯ ಮಂಟಪದಲ್ಲಿ ಹೆಂಡತಿಗೆ ಗಾಳಿ ಹಾಕುವುದನ್ನು ನಾನು ಹಿಂದೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಗಂಡಸರ ಸಾಲಿನಿಂದ ಯಾರೋ ನಕ್ಕರು. ಅತ್ತೆಯವರು ತುಟಿ ಅಲುಗಿಸದೆ, "ಬಿಡ್ರಿ, ಮಂದಿ ನೋಡತಾರ" ಎಂದರು.

"ನೋಡ್ಲಿ. ಸೆಕಿ ಆಗೇತಿ, ಗಾಳಿ ಹಾಕಾಕತ್ತೇನಿ," ಎಂದರು ಮಾವನವರು. ಆಮೇಲೆ ಅಕ್ಕನ ಕಡೆ ತಿರುಗಿ, ಧ್ವನಿ ಏರಿಸದೆ, "ಅಕ್ಕಾ, ಗುಡ್ಡಕ್ಕ ಹೋಗಿ ಅವ್ವಗ ಕೈಮುಗದು ಬರತೇವಿ. ಅದು ಭಕ್ತಿ. ಇದು ವಯಸ್ಸು. ನಿನಗೂ ಈ ವಯಸ್ಸು ಬಂದಿತ್ತಲ್ಲ, ಆಗ ನಿನಗ ಯಾರರ ಗಾಳಿ ಹಾಕಿದ್ರೇನು?" ಎಂದು ಕೇಳಿದರು.

ಚುಚ್ಚಿ ಆಡಿದ ಮಾತಾಗಿರಲಿಲ್ಲ ಅದು. ನಿಜವಾಗಿಯೂ ಕೇಳಿದ್ದರು. ಅಕ್ಕ ಗಾಳಿ ಹಾಕುತ್ತಿದ್ದ ತಮ್ಮನ ಕೈಯನ್ನೇ ನೋಡುತ್ತ, "ನಮಗ ಯಾರು ಹಾಕತಾರಪಾ" ಎಂದು ಹೊರಟುಹೋದರು. ಸ್ವಲ್ಪ ಹೊತ್ತಿನಲ್ಲಿ ಒಂದು ಲೋಟ ಮಜ್ಜಿಗೆ ಬಂತು. ಅವರೇ ಕಳಿಸಿದ್ದು.

ಊರಿಗೆ ಮರಳುವಾಗ ಬಸ್ಸು ಬೈಲಹೊಂಗಲದ ನಿಲ್ದಾಣದಲ್ಲಿ ನಿಂತಿತ್ತು. ಕಿಟಕಿಯ ಬದಿ ಕುಳಿತಿದ್ದ ಅತ್ತೆಯವರು ಹೊರಗೆ ನೋಡುತ್ತಲೇ, "ಆ ಡಾಕ್ಟರು ಸೋಮವಾರ ಇರತಾರೇನು?" ಎಂದು ಕೇಳಿದರು. ಮಾವನವರು "ಇರತಾರ" ಎಂದರು. ಅಷ್ಟೇ. ಗೆದ್ದೆನೆಂಬ ಒಂದು ಗೆರೆಯೂ ಅವರ ಮುಖದಲ್ಲಿ ಮೂಡಲಿಲ್ಲ. ಇವತ್ತಿಗೂ ನಾನು ಅವರಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚುವುದು ಇದನ್ನೇ.

ಸೋಮವಾರ ಮೂವರೂ ಹೋದೆವು. ಅತ್ತೆಯವರೇ ನನ್ನನ್ನು ಕರೆದಿದ್ದರು. ಡಾಕ್ಟರು ಸಣ್ಣ ಮೈಕಟ್ಟಿನ, ನಮ್ಮ ಕಡೆಯ ಮಾತನ್ನೇ ಆಡುವ ಹೆಂಗಸು. ರಕ್ತ ತಪಾಸಣೆ, ಸ್ಕ್ಯಾನಿಂಗ್ ಎಲ್ಲ ಮಾಡಿಸಿದರು. ಗರ್ಭಕೋಶದಲ್ಲಿ ಅಂಜುವಂಥದ್ದು ಏನೂ ಇಲ್ಲ, ಆದರೆ ರಕ್ತ ಬಹಳ ಕಡಿಮೆಯಾಗಿದೆ ಎಂದರು. ಸುಸ್ತು, ಎದೆ ಹೊಡೆದುಕೊಳ್ಳುವುದು ಅರ್ಧ ಅದರಿಂದಲೇ. ಸ್ರಾವ ಹಿಡಿತಕ್ಕೆ ಬರಲು, ರಕ್ತ ಏರಲು ಗುಳಿಗೆ ಬರೆದರು. ಚಹಾ ಕಡಿಮೆ ಮಾಡಿ, ದಿನಾ ನಡೆಯಿರಿ, ಹತ್ತಿಯ ಬಟ್ಟೆ ಹಾಕಿರಿ. ಇಷ್ಟಕ್ಕೂ ಸೆಕೆ ತಡೆಯಲಾಗದಿದ್ದರೆ ಅದಕ್ಕೂ ಔಷಧವಿದೆ, ತಪಾಸಣೆ ಮಾಡಿ ಕೊಡುತ್ತೇನೆ, ತಾವೇ ಸಹಿಸಿಕೊಂಡು ಕೂರಬೇಡಿ ಎಂದರು.

"ಎಷ್ಟು ದಿನ ಇರತೈತ್ರಿ ಇದು?" ಎಂದು ಮಾವನವರು ಕೇಳಿದರು.

"ಒಬ್ಬೊಬ್ಬರಿಗೆ ಒಂದೊಂದು ನಮೂನಿ. ಕೆಲವರಿಗೆ ವರ್ಷಗಟ್ಟಲೆ."

"ಆತ್ರಿ," ಎಂದು ಮಾವನವರು ತಲೆಯಾಡಿಸಿದರು.

"ಇನ್ನೇನರ ಕೇಳೂದೈತೇನ್ರಿ?" ಎಂದು ಡಾಕ್ಟರು ಅತ್ತೆಯವರನ್ನು ಕೇಳಿದಾಗ ಅವರು ಸೆರಗು ಸರಿಮಾಡಿಕೊಂಡರು. ಅದನ್ನು ಕಂಡು ಮಾವನವರು ಹೊರಗೆ ಹೋಗಲು ಎದ್ದರು. "ನೀವು ಕುಂಡ್ರಿ," ಎಂದರು ಅತ್ತೆಯವರು. ಆಮೇಲೆ ನನ್ನ ಕಡೆ ನೋಡಿ, "ನೀ ಸ್ವಲ್ಪ ಹೊರಗ ಕುಂಡ್ರವಾ."

ಬಾಗಿಲ ಹಿಂದೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಗಂಡಹೆಂಡಿರ ಮಾತೆಂಬುದಷ್ಟು ಗೊತ್ತಾಯಿತು. ಹೊರಗೆ ಬಂದಾಗ ಅತ್ತೆಯವರ ಮುಖ ಹಗುರವಾಗಿತ್ತು. ಮಾವನವರು ಕಿವಿಯವರೆಗೂ ಕೆಂಪಾಗಿದ್ದರು. ಔಷಧದ ಅಂಗಡಿಯಲ್ಲಿ ಗುಳಿಗೆಗಳ ಜೊತೆ ಒಂದು ಮುಲಾಮನ್ನೂ ಕೊಂಡು ಅದನ್ನು ತಾವೇ ಕಿಸೆಯಲ್ಲಿಟ್ಟುಕೊಂಡರು.

ಅಲ್ಲಿಂದ ಮುಂದೆ ಎಲ್ಲ ಸುಗಮವಾಯಿತೆಂದರೆ ಸುಳ್ಳಾಗುತ್ತದೆ. ಆದರೆ ಮನೆ ಸ್ವಲ್ಪ ಸ್ವಲ್ಪವೇ ಅವರಿಗೆ ಹೊಂದಿಕೊಂಡಿತು. ಅಡುಗೆಮನೆಯ ಗೋಡೆ ಒಡೆಸಿ ಮಾವನವರು ದೊಡ್ಡದೊಂದು ಕಿಟಕಿ ಇಡಿಸಿದರು. ರೊಟ್ಟಿಯ ಕೆಲಸ ಬೆಳಕು ಹರಿಯುವ ಮೊದಲೇ, ತಂಪಿನ ಹೊತ್ತಿಗೆ ಮುಗಿಯತೊಡಗಿತು. ಅತ್ತೆಯವರಿಗೆ ಆಗದ ದಿನ ರೊಟ್ಟಿ ಕೇಂದ್ರದಿಂದ ರೊಟ್ಟಿ ಬರುತ್ತಿತ್ತು. ಮೊದಮೊದಲು ಕೊಂಡ ರೊಟ್ಟಿಯನ್ನು ತಿನ್ನುವುದು ಅವಮಾನವೆಂದು ಅವರು ಮುಖ ಸಿಂಡರಿಸುತ್ತಿದ್ದರು. ಮಾವನವರು ಒಂದು ತುಂಡು ಮುರಿದು ಬಾಯಿಗಿಟ್ಟು, "ನಿನ್ನ ರೊಟ್ಟಿಗೆ ಎಲ್ಲೈತಿ ಇದು. ಆದ್ರ ಹೊಟ್ಟಿ ತುಂಬತೈತಿ," ಎಂದು ಮುಗಿಸುತ್ತಿದ್ದರು. ಸೆಕೆ ಏರುವಾಗ ಅತ್ತೆಯವರು "ಬಂತು" ಎನ್ನುವುದನ್ನು ರೂಢಿಮಾಡಿಕೊಂಡರು. ಆ ಒಂದು ಮಾತು ಕೇಳಿದರೆ ಸಾಕು, ನಾವೆಲ್ಲ ಏನೂ ಕೇಳದೆ ಅವರನ್ನು ಅವರ ಪಾಡಿಗೆ ಬಿಡುತ್ತಿದ್ದೆವು. ನನ್ನ ಗಂಡ ಎದ್ದು ಫ್ಯಾನ್ ಹಾಕುತ್ತಿದ್ದರು. ಅಪ್ಪನನ್ನು ನೋಡಿ ಮಗ ಕಲಿಯುತ್ತಿರುವುದು ನನಗೆ ಕಾಣುತ್ತಿತ್ತು.

ಮಾವನವರಿಗೂ ಒಂದು ದಿನ ಸಹನೆ ತಪ್ಪಿತು. ಅಂದು ಮುಂಜಾನೆಯಿಂದ ಅತ್ತೆಯವರು ಅವರು ಮಾಡಿದ್ದರಲ್ಲೆಲ್ಲ ತಪ್ಪು ಹುಡುಕುತ್ತಿದ್ದರು. ಚಪ್ಪಲಿ ಬಿಟ್ಟ ಜಾಗ ಸರಿಯಿಲ್ಲ, ಕೆಮ್ಮುವ ರೀತಿ ಸರಿಯಿಲ್ಲ. ಕೊನೆಗೆ ಮಾವನವರು, "ನಾನೂ ಮನಷ್ಯಾನ ಅದೇನಿ!" ಎಂದು ಕೂಗಿ ಉಣ್ಣದೆ ಅಂಗಡಿಗೆ ಹೋಗಿಬಿಟ್ಟರು. ಅತ್ತೆಯವರು ಬಹಳ ಹೊತ್ತು ಕಟ್ಟೆಯ ಮೇಲೆ ಕುಳಿತಿದ್ದರು. ಆಮೇಲೆ ಎದ್ದು ಮುಖ ತೊಳೆದು, ಕಡಲೆಹಿಟ್ಟಿನ ಝುಣಕದ ವಡಿ ಮಾಡಿ ಡಬ್ಬಿ ಕಟ್ಟಿಕೊಂಡು ತಾವೇ ಅಂಗಡಿಗೆ ಹೋದರು. ಅಲ್ಲಿಯವರೆಗೆ ಅವರು ಅಂಗಡಿಯ ಒಳಗೆ ಕಾಲಿಟ್ಟವರಲ್ಲ. ನನ್ನ ಗಂಡ ಆಮೇಲೆ ಹೇಳಿದ್ದು: ಅಪ್ಪ ಉಂಡರು, ಅವ್ವ ಪಕ್ಕದಲ್ಲಿ ಕುಳಿತರು, ಅಷ್ಟರಲ್ಲಿ ಬಂದ ಗಿರಾಕಿಗೆ ಅವ್ವ ಎದ್ದು ಎರಡು ಕೊಡ ಮಾರಿದರು.

ಸಂಜೆ ಇಬ್ಬರೂ ನಡೆಯಲು ಹೋಗತೊಡಗಿದ್ದು ಆಮೇಲೆ. ಡಾಕ್ಟರು ಹೇಳಿ ಬಹಳ ದಿನವಾಗಿತ್ತು, ಗಂಡನ ಜೊತೆ ರಸ್ತೆಯಲ್ಲಿ ನಡೆಯಲು ಅತ್ತೆಯವರಿಗೆ ಸಂಕೋಚ. ಮೊದಲು ಮಾವನವರು ಮುಂದೆ, ಅತ್ತೆಯವರು ಹತ್ತು ಮಾರು ಹಿಂದೆ. ಆ ಅಂತರ ಯಾವಾಗ ಕಡಿಮೆಯಾಯಿತೋ ನಾನು ಗಮನಿಸಲಿಲ್ಲ. ಒಂದು ದಿನ ಮಾಳಿಗೆಯ ಮೇಲೆ ಒಣಗಿದ ಅರಿವೆ ತೆಗೆಯುವಾಗ ನೋಡಿದರೆ ಇಬ್ಬರೂ ಜೋಡಿಯಾಗಿ ಬರುತ್ತಿದ್ದರು. ಅತ್ತೆಯವರು ಏನೋ ಹೇಳುತ್ತಿದ್ದರು, ಮಾವನವರು ನಗುತ್ತಿದ್ದರು. ಮನೆಯಲ್ಲಿ ನಾನು ಕಾಣದಿದ್ದ ನಗು ಅದು.

ಸವದತ್ತಿಯ ಗುಡ್ಡಕ್ಕೂ ಹೋಗಿ ಬಂದೆವು. ಮಾವನವರು ಅಕ್ಕನನ್ನೂ ಕರೆದುಕೊಂಡು ಬಂದಿದ್ದರು. ದಾರಿಯ ಉಗರಗೋಳದಲ್ಲಿ ಚಹಾ ಕುಡಿಯುವಾಗ ಆ ಅಕ್ಕ ಅತ್ತೆಯವರ ಕಿವಿಯಲ್ಲಿ ಬಹಳ ಹೊತ್ತು ಏನೋ ಹೇಳಿಕೊಂಡರು. ಅತ್ತೆಯವರು ಅವರ ಬೆನ್ನ ಮೇಲೆ ಕೈಯಾಡಿಸುತ್ತ ಕೇಳುತ್ತಿದ್ದರು.

ಮುಟ್ಟು ನಿಂತು ವರ್ಷ ಕಳೆದ ಮೇಲೆ, ಇನ್ನು ಬರುವುದಿಲ್ಲವೆಂದು ಡಾಕ್ಟರು ಹೇಳಿದರು. ಸೆಕೆ ಮಾತ್ರ ಇನ್ನೂ ಎರಡು ಬೇಸಿಗೆ ಕಾಡಿ, ಬರಬರುತ್ತ ಕಡಿಮೆಯಾಗಿ, ಹೋದದ್ದೇ ಗೊತ್ತಾಗದಂತೆ ಹೋಯಿತು. ಅತ್ತೆಯವರು ಹಳೆಯ ಅತ್ತೆಯವರಾಗಲಿಲ್ಲ. ಮೊದಲಿನಷ್ಟು ಸುಮ್ಮನಿರುವುದಿಲ್ಲ, ಬೇಡವಾದದ್ದಕ್ಕೆ ಬೇಡ ಎನ್ನುತ್ತಾರೆ, ಮಧ್ಯಾಹ್ನ ಅಂಗಡಿಯಲ್ಲಿ ಕೂರುತ್ತಾರೆ. ಮಾವನವರು ಆ ಹೊತ್ತಿಗೆ ಮನೆಗೆ ಬಂದು, ಈ ನಡುವೆ ಹುಟ್ಟಿದ ನನ್ನ ಮಗಳಿಗೆ ಊಟ ಮಾಡಿಸಿ ಒಂದು ನಿದ್ದೆ ತೆಗೆಯುತ್ತಾರೆ.

ಹೋದ ವಾರ ಸಂಜೆ ಅಂಗಡಿಗೆ ಚಹಾ ಒಯ್ದಾಗ ಮಾವನವರ ಎದುರಿಗೆ ಓಣಿಯ ಕೊನೆಯ ಮನೆಯ ಯಜಮಾನರು ಕುಳಿತಿದ್ದರು. ಗಟ್ಟಿ ಧ್ವನಿಯ, ಎಲ್ಲರನ್ನೂ ಜಬರಿಸುವ ಮನುಷ್ಯ. ಅವರು ಅಂದು ಪಿಸುಮಾತಿನಲ್ಲಿ, "ನಮ್ಮಾಕಿ ಒಮ್ಮಿಂದೊಮ್ಮೆ ಅಳತಾಳ್ರಿ. ಏನ ಮಾಡಬೇಕು ತಿಳಿವಲ್ದು," ಎನ್ನುತ್ತಿದ್ದರು. ನನ್ನನ್ನು ಕಂಡು ಮಾತು ನಿಲ್ಲಿಸಿದರು. ಮಾವನವರು ಸ್ಟೂಲನ್ನು ಅವರ ಹತ್ತಿರ ಎಳೆದುಕೊಂಡರು. ನಾನು ಎರಡೂ ಲೋಟ ಅಲ್ಲಿಟ್ಟು, ತಿರುಗಿ ನೋಡದೆ ಮನೆಯ ದಾರಿ ಹಿಡಿದೆ.